ಕ್ಯಾಂಟರ್ಬರಿಯನ್ನು ಪೂರ್ವದಿಂದ ನೋಡಿಕೊಂಡು ಬನ್ನಿ

ಇಂಗ್ಲೆಂಡಿನ ಕೆಂಟ್ ಸೀಮೆಯ ಕ್ಯಾಂಟರ್ಬರಿಗೆ ಹೋಗುವ ಬಹುತೇಕರು ಲಂಡನ್ನಿನಲ್ಲಿ ಬೆಳಗ್ಗೆ ರೈಲು ಹತ್ತಿ, ಇಳಿದವರೇ ಕೆಥೀಡ್ರಲ್‌ಗೆ ನುಗ್ಗಿ, ಫೋಟೊ ತೆಗೆದು ಮುಗಿಸುವಷ್ಟರಲ್ಲಿ ಕಾಲುನೋವೆಂದು ಕಾಫಿ ಅಂಗಡಿಯಲ್ಲಿ ಕುಳಿತುಬಿಡುತ್ತಾರೆ. ಊರಿನ ಅತಿ ಹಳೆಯ ಚರ್ಚು ಅಲ್ಲಿಂದ ಕಾಲು ಗಂಟೆಯ ನಡಿಗೆಯಲ್ಲಿದ್ದರೂ ಉಳಿದೇ ಹೋಗುತ್ತದೆ. ಕ್ರೈಸ್ತ ಧರ್ಮ ಇಲ್ಲಿ ಬೇರುಬಿಟ್ಟ ಬಗೆಯನ್ನು ತಿಳಿಯುವ ಆಸೆಯಿದ್ದರೆ ಕೆಥೀಡ್ರಲ್ಲನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಪೂರ್ವದ ತುದಿಯಲ್ಲಿ ಶುರುಮಾಡಿ ಪಶ್ಚಿಮಕ್ಕೆ ನಡೆದುಬನ್ನಿ. ಕಾಲವೂ ಹೆಚ್ಚುಕಡಿಮೆ ಅದೇ ದಿಕ್ಕಿನಲ್ಲಿ ಸಾಗುತ್ತದೆ.

ಊರಿಗೆ ಎರಡು ರೈಲು ನಿಲ್ದಾಣಗಳಿವೆ. ಸೇಂಟ್ ಪ್ಯಾಂಕ್ರಸ್‌ನಿಂದ ಹೊರಡುವ ವೇಗದ ರೈಲು ಸುಮಾರು ಒಂದು ಗಂಟೆಯಲ್ಲಿ ಕ್ಯಾಂಟರ್ಬರಿ ವೆಸ್ಟ್ ತಲುಪಿಸುತ್ತದೆ. ವಿಕ್ಟೋರಿಯಾದ ರೈಲು ನಿಧಾನ, ಅದು ನಿಲ್ಲುವುದು ಕ್ಯಾಂಟರ್ಬರಿ ಈಸ್ಟ್‌ನಲ್ಲಿ. ಹೋಗುವಾಗ ಈಸ್ಟ್, ಬರುವಾಗ ವೆಸ್ಟ್ ಆದರೆ ಈ ನಡಿಗೆಗೆ ಅನುಕೂಲ. ನಿಮ್ಮ ಟಿಕೆಟ್ ಎರಡಕ್ಕೂ ಸಲ್ಲುತ್ತದೆಯೇ ಎಂದು ಕೊಳ್ಳುವಾಗಲೇ ಕೇಳಿಕೊಳ್ಳಿ. ವೇಗದ ರೈಲಿಗೆ ದರ ಹೆಚ್ಚು.

ಮೊದಲು ಸೇಂಟ್ ಮಾರ್ಟಿನ್ ಚರ್ಚು. ದಿಣ್ಣೆಯ ಮೇಲೆ ಗೋರಿಕಲ್ಲುಗಳ ನಡುವೆ ನಿಂತಿರುವ ಈ ಪುಟ್ಟ ಕಟ್ಟಡವನ್ನು ಕಂಡು ಇದಕ್ಕಾಗಿ ಇಷ್ಟು ದೂರ ಬಂದೆವೇ ಎನಿಸಬಹುದು. ಒಳಗೆ ಹೋಗಿ. ಕೆಂಟ್‌ನ ದೊರೆ ಏಥೆಲ್‌ಬರ್ಟ್ ಇನ್ನೂ ಕ್ರೈಸ್ತನಾಗಿರಲಿಲ್ಲ. ಆದರೆ ಫ್ರಾಂಕರ ರಾಜಕುಮಾರಿಯಾದ ಅವನ ಹೆಂಡತಿ ಬರ್ತಾ ತನ್ನ ಧರ್ಮಗುರುವನ್ನು ಜೊತೆಗೇ ಕರೆತಂದಿದ್ದಳು. ಅವಳು ಪ್ರಾರ್ಥನೆಗೆ ಬರುತ್ತಿದ್ದ ಜಾಗ ಇದು. ಧರ್ಮಪ್ರಚಾರಕ್ಕೆಂದು ಪೋಪ್ ಗ್ರೆಗರಿ ಕಳುಹಿಸಿದ ಸನ್ಯಾಸಿ ಅಗಸ್ಟಿನ್ 597ರಲ್ಲಿ ಬಂದಾಗ ಮೊದಲು ನೆಲೆ ಸಿಕ್ಕಿದ್ದೂ ಇಲ್ಲಿಯೇ. ಇಂಗ್ಲಿಷ್ ಮಾತನಾಡುವ ನಾಡುಗಳಲ್ಲಿ ಇಂದಿಗೂ ಆರಾಧನೆ ನಡೆಯುತ್ತಿರುವ ಅತ್ಯಂತ ಹಳೆಯ ಚರ್ಚೆಂದು ಇದನ್ನು ಹೇಳುತ್ತಾರೆ. ನಾವು ಹೋದಾಗ ಬಾಗಿಲ ಬಳಿ ಕುಳಿತಿದ್ದ ಸ್ವಯಂಸೇವಕಿ ಅಜ್ಜಿಯೊಬ್ಬರು ಎದ್ದುಬಂದು ಗೋಡೆಯನ್ನು ತೋರಿಸಿದರು: ತೆಳ್ಳಗೆ, ಅಗಲವಾಗಿ, ಕೆಂಪಗಿರುವ ಇಟ್ಟಿಗೆಗಳೆಲ್ಲ ರೋಮನ್ನರ ಕಾಲದವು. ಮುಚ್ಚಿಹೋದ ಚೌಕಾಕಾರದ ಬಾಗಿಲೊಂದರ ಗುರುತೂ ಗೋಡೆಯಲ್ಲಿ ಉಳಿದಿದೆ. ಇಲ್ಲಿ ಎಚ್ಚರ ಬೇಕಾದದ್ದು ಸಮಯದ ವಿಷಯದಲ್ಲಿ. ಚರ್ಚು ತೆರೆದಿರುವುದು ವಾರದ ಕೆಲವು ದಿನ, ಕೆಲವೇ ಗಂಟೆ. ಅದನ್ನು ನೋಡಿಕೊಂಡು ಪ್ರಯಾಣದ ದಿನವನ್ನು ಗೊತ್ತುಮಾಡಿ.

ಇಳಿಜಾರಿನಲ್ಲಿ ಕೆಳಗೆ ಬಂದರೆ ಅಗಸ್ಟಿನ್ ಸ್ಥಾಪಿಸಿದ ಮಠದ ಅವಶೇಷಗಳು. ಕೆಂಟ್‌ನ ದೊರೆಗಳನ್ನೂ ಮೊದಲ ಆರ್ಚ್‌ಬಿಷಪ್‌ಗಳನ್ನೂ ಹೂಳಿದ್ದು ಇಲ್ಲಿ. ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿ 1538ರಲ್ಲಿ ಮಠವನ್ನು ಮುಚ್ಚಿಸಿ ಒಂದು ಭಾಗವನ್ನು ತನ್ನ ಅರಮನೆ ಮಾಡಿಕೊಂಡ. ಮುಂದೆ ಇದೇ ಆವರಣದಲ್ಲಿ ಬಿಯರ್ ಕಾಯಿಸಿದ್ದೂ ಉಂಟು! ಈಗ ಉಳಿದಿರುವುದು ಹುಲ್ಲುಹಾಸಿನ ನಡುವಿನ ಮೋಟುಗೋಡೆಗಳು. ಪ್ರವೇಶಕ್ಕೆ ಬೇರೆ ಟಿಕೆಟ್ ಇದೆ, ಚಳಿಗಾಲದಲ್ಲಿ ತೆರೆಯುವ ದಿನಗಳೂ ಕಡಿಮೆ. ಹಣ ಉಳಿಸಬೇಕೆಂದರೆ ಬಿಡಬೇಕಾದದ್ದು ಇದನ್ನೇ, ಹೊರಗಿನಿಂದ ಹೆಬ್ಬಾಗಿಲನ್ನು ನೋಡಿಕೊಂಡು ಮುಂದೆ ಸಾಗಬಹುದು. ಎದುರಿನ ಹಸಿರು ಅಂಗಳದಲ್ಲಿ ಬರ್ತಾ, ಏಥೆಲ್‌ಬರ್ಟರ ಪ್ರತಿಮೆಗಳಿವೆ.

ಕೆಥೀಡ್ರಲ್‌ನ ಟಿಕೆಟ್ ದುಬಾರಿ, ಆದರೆ ಇಲ್ಲಿ ಜಿಪುಣತನ ಬೇಡ. ಭಾನುವಾರ ಬೆಳಗ್ಗೆ ಆರಾಧನೆ ಇರುವುದರಿಂದ ಬೇರೆ ದಿನ ಬರುವುದು ಲೇಸು. ಆರ್ಚ್‌ಬಿಷಪ್ ಥಾಮಸ್ ಬೆಕೆಟ್‌ನನ್ನು ದೊರೆ ಎರಡನೆಯ ಹೆನ್ರಿಯ ನಾಲ್ವರು ಯೋಧರು 1170ರ ಡಿಸೆಂಬರ್ 29ರಂದು ಕಡಿದುಹಾಕಿದ ಮೂಲೆಗೆ ಎಲ್ಲರೂ ಹೋಗುತ್ತಾರೆ. ಗೋಡೆಗೆ ಹಾಕಿರುವ ಕತ್ತಿಗಳ ಶಿಲ್ಪದ ಮುಂದೆ ಜನ ತುಂಬಿರುತ್ತಾರೆ. ನೀವು ಅಲ್ಲಿಯೇ ನಿಂತುಬಿಡದೆ ಪೂರ್ವದ ತುದಿಯ ಟ್ರಿನಿಟಿ ಚಾಪೆಲ್‌ಗೆ ಮೆಟ್ಟಿಲು ಹತ್ತಿ. ಕೊಲೆಯಾದ ನಾಲ್ಕೇ ವರ್ಷಕ್ಕೆ ಬೆಂಕಿ ಬಿದ್ದು ಈ ಭಾಗವೆಲ್ಲ ಸುಟ್ಟುಹೋಗಿತ್ತು. ಮತ್ತೆ ಕಟ್ಟಲು ಬಂದ ಫ್ರಾನ್ಸಿನ ಶಿಲ್ಪಿ ಸಾನ್ಸ್‌ನ ವಿಲಿಯಂ 1178ರಲ್ಲಿ ಸಾರುವೆಯಿಂದ ಬಿದ್ದು ಕೈಲಾಗದವನಾದ. ಕೆಲಸ ಮುಗಿಸಿದ್ದು ಇಂಗ್ಲೆಂಡಿನವನೇ ಆದ ಇನ್ನೊಬ್ಬ ವಿಲಿಯಂ. ಬೆಕೆಟ್‌ನ ಅವಶೇಷಗಳನ್ನು 1220ರಲ್ಲಿ ಇಲ್ಲಿಗೆ ತಂದರು, ಯೂರೋಪಿನ ಮೂಲೆಮೂಲೆಯಿಂದ ಹರಕೆ ಹೊತ್ತವರು ಬಂದರು. ಅವರು ಹತ್ತಿದ ಕಲ್ಲಿನ ಮೆಟ್ಟಿಲುಗಳು ನಡುವೆ ತಗ್ಗಾಗಿ ಸವೆದುಹೋಗಿವೆ, ಇಳಿಯುವಾಗ ಜಾರೀತು, ಹುಷಾರು. ಸಮಾಧಿಯನ್ನು 1538ರಲ್ಲಿ ಒಡೆಸಿದ್ದೂ ಎಂಟನೆಯ ಹೆನ್ರಿಯೇ. ಅದಿದ್ದ ಬರಿ ನೆಲದ ಮೇಲೆ ಈಗ ಒಂದೇ ಒಂದು ಮೇಣದಬತ್ತಿ ಉರಿಯುತ್ತದೆ. ಸುತ್ತಲಿನ ಬಣ್ಣದ ಗಾಜಿನ ಕಿಟಕಿಗಳಲ್ಲಿ ಕುರುಡರು, ಕುಷ್ಠರೋಗಿಗಳು ಗುಣವಾದ ಕಥೆಗಳಿವೆ. ಸಣ್ಣ ದುರ್ಬೀನು ಒಯ್ದರೆ ಸಾರ್ಥಕ.

ನೆಲಮಾಳಿಗೆಯಲ್ಲಿ ಇನ್ನೊಂದು ಅಚ್ಚರಿಯಿದೆ. ಕಿರುಕುಳ ತಾಳಲಾರದೆ 16ನೇ ಶತಮಾನದಲ್ಲಿ ಕಡಲು ದಾಟಿ ಬಂದ ಫ್ರೆಂಚ್ ಭಾಷೆಯ ಪ್ರಾಟೆಸ್ಟೆಂಟ್ ನೇಕಾರರಿಗೆ ಇಲ್ಲಿ ಆರಾಧನೆಗೆ ಜಾಗ ಕೊಟ್ಟರು. ಇವತ್ತಿಗೂ ಭಾನುವಾರ ಮಧ್ಯಾಹ್ನ ಅವರ ಚಾಪೆಲ್‌ನಲ್ಲಿ ಫ್ರೆಂಚಿನಲ್ಲೇ ಪ್ರಾರ್ಥನೆ. ಅಂದಹಾಗೆ, ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಪೀಠವನ್ನು ಕೇಂದ್ರವಾಗಿಟ್ಟುಕೊಂಡ ಆಂಗ್ಲಿಕನ್ ಬಳಗದಲ್ಲಿ ನಮ್ಮ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಚರ್ಚುಗಳೂ ಇವೆ. ಬೆಂಗಳೂರಿನ ಆ ಸಭೆಗಳಲ್ಲಿ ಬೆಳೆದವರಿಗೆ ಇಲ್ಲಿನ ಪ್ರಾರ್ಥನೆ ಹೊಸದೆನಿಸದು.

ಊಟಕ್ಕೆ ಕಟ್ಟಿಕೊಂಡು ಹೋಗಿದ್ದರೆ ಕೋಟೆಗೋಡೆಯ ಪಕ್ಕದ ಡೇನ್ ಜಾನ್ ಉದ್ಯಾನದಲ್ಲಿ ಬೆಂಚುಗಳಿವೆ. ಹೋಗುವ ದಾರಿಯಲ್ಲಿ, ಅಂಗಡಿಸಾಲಿನ ನಡುವೆ ಸೇಂಟ್ ಜಾರ್ಜ್ ಚರ್ಚಿನ ಗೋಪುರ ಒಂಟಿಯಾಗಿ ನಿಂತಿದೆ. ನಾಟಕಕಾರ ಕ್ರಿಸ್ಟೊಫರ್ ಮಾರ್ಲೊಗೆ 1564ರಲ್ಲಿ ದೀಕ್ಷಾಸ್ನಾನವಾದ ಚರ್ಚು ಇದು. 1942ರ ಜೂನ್‌ನಲ್ಲಿ ಜರ್ಮನ್ ಬಾಂಬುಗಳಿಗೆ ಸಿಕ್ಕಿ ಉಳಿದದ್ದು ಇಷ್ಟೇ. ಬರ್ಗೇಟ್ ಬೀದಿಯಲ್ಲೂ ಕಟ್ಟಡ ಹೋಗಿ ಗೋಪುರ ಮಾತ್ರ ಉಳಿದ ಇನ್ನೊಂದು ಚರ್ಚಿದೆ. ಅದರ ಪಕ್ಕದಲ್ಲೇ ಬೆಕೆಟ್ ಹೆಸರಿನ ಕ್ಯಾಥೊಲಿಕ್ ಚರ್ಚು, ಒಳಗೆ ಅವನ ಅವಶೇಷದ ತುಣುಕುಗಳು.

ಊರಿನ ಪಶ್ಚಿಮದ ಹೆಬ್ಬಾಗಿಲಾದ ವೆಸ್ಟ್‌ಗೇಟ್ ದಾಟಿದರೆ ಸೇಂಟ್ ಡನ್‌ಸ್ಟನ್ ಚರ್ಚು. ಬೆಕೆಟ್‌ನ ಕೊಲೆಗೆ ಪ್ರಾಯಶ್ಚಿತ್ತವೆಂದು 1174ರಲ್ಲಿ ಬಂದ ಎರಡನೆಯ ಹೆನ್ರಿ ಪಾದರಕ್ಷೆ ಕಳಚಿ ಬರಿಗಾಲಲ್ಲಿ ನಡೆಯತೊಡಗಿದ್ದು ಇಲ್ಲಿಂದ. ಎಂಟನೆಯ ಹೆನ್ರಿ 1535ರಲ್ಲಿ ಶಿರಚ್ಛೇದ ಮಾಡಿಸಿದ ತನ್ನ ಮಾಜಿ ಮಂತ್ರಿ ಥಾಮಸ್ ಮೋರ್‌ನ ತಲೆಯನ್ನು ಮಗಳು ಮಾರ್ಗರೆಟ್ ಜೋಪಾನ ಮಾಡಿಟ್ಟಿದ್ದಳು, ಅದಿರುವುದು ಈ ಚರ್ಚಿನ ನೆಲದಡಿಯ ಕುಟುಂಬದ ಸಮಾಧಿಯಲ್ಲಿ.

ವೆಸ್ಟ್ ನಿಲ್ದಾಣ ಇಲ್ಲಿಂದ ಐದು ನಿಮಿಷ. ವಾರದ ದಿನವಾಗಿದ್ದು ಕಾಲಿನಲ್ಲಿ ಇನ್ನೂ ಶಕ್ತಿಯಿದ್ದರೆ ಕೆಥೀಡ್ರಲ್‌ಗೆ ಮರಳಿ ಸಂಜೆಯ ಪ್ರಾರ್ಥನೆಗೆ ಕುಳಿತುಕೊಳ್ಳಿ. ಸಾಮಾನ್ಯವಾಗಿ ಐದೂವರೆಗೆ, ಪ್ರವೇಶ ಉಚಿತ, ಯಾವ ಧರ್ಮದವರಾದರೂ ಬರಬಹುದು. ಕಾಲು ಗಂಟೆ ಮುಂಚೆ ಹೋಗಿ, ಮೊಬೈಲ್ ಆರಿಸಿ. ಶಾಲಾ ರಜೆಯಲ್ಲಿ ಹಾಡುವವರು ಹೊರಗಿನಿಂದ ಬಂದ ತಂಡದವರು. ಅಲ್ಲಿನ ಹುಡುಗರ ಗಾಯನವನ್ನೇ ಕೇಳಬೇಕೆಂದಿದ್ದರೆ ಆ ವಾರಗಳನ್ನು ತಪ್ಪಿಸಿ.