ಡಿಕ್ಕಿ ತುಂಬ ಗಿಡ ತಂದು ಕೆಟ್ಟೆ: ಕೊಡಗಿನ ಹೂದೋಟ ನೋಡಿಬಂದ ಕಥೆ

ಎರಡು ವರ್ಷದ ಹಿಂದೆ ಮಡಿಕೇರಿಗೆ ಹೋದಾಗ ನೀಲಿ ಹೈಡ್ರೇಂಜಿಯಾ ನೋಡಿ ಮರುಳಾಗಿ ಮೂರು ಗಿಡ ತಂದಿದ್ದೆ. ಜೊತೆಗೆ ಆಂಥೂರಿಯಂ, ಬಿಗೋನಿಯಾ, ಹೆಸರೇ ಗೊತ್ತಿಲ್ಲದ ಇನ್ನೊಂದಿಷ್ಟು. ಮೈಸೂರಿನ ಏಪ್ರಿಲ್ ಬಿಸಿಲಿಗೆ ಮುಕ್ಕಾಲು ಪಾಲು ಒಣಗಿಹೋದವು. ಉಳಿದ ಒಂದೇ ಹೈಡ್ರೇಂಜಿಯಾ ಮುಂದಿನ ವರ್ಷ ಹೂ ಬಿಟ್ಟಾಗ ನೋಡಿದರೆ ಗುಲಾಬಿ ಬಣ್ಣ!

ನರ್ಸರಿಯವನು ಮೋಸ ಮಾಡಿದ ಅಂತ ಬೈದುಕೊಂಡೆ. ಪಾಪ, ಅವನ ತಪ್ಪೇನೂ ಇರಲಿಲ್ಲ. ಕೊಡಗಿನ ಮಣ್ಣು ಹುಳಿ ಮಣ್ಣು. ಹುಳಿ ಇದ್ದರೆ ಮಣ್ಣಿನ ಅಲ್ಯೂಮಿನಿಯಂ ಕರಗಿ ಬೇರಿಗೆ ಸಿಗುತ್ತದೆ, ಹೂ ನೀಲಿಯಾಗುತ್ತದೆ. ನಮ್ಮ ಬೋರ್‌ವೆಲ್ ನೀರು ಗಡಸು, ಬಕೆಟ್ ಅಂಚಿಗೆಲ್ಲ ಬಿಳಿ ಕಟ್ಟುತ್ತದೆ. ಅದನ್ನೇ ಹಾಕಿ ಹಾಕಿ ಮಣ್ಣಿನ ಹುಳಿ ಹೋಯಿತು, ಹೂವಿನ ನೀಲಿಯೂ ಹೋಯಿತು.

ಹಾಗಾಗಿ ಈ ಜನವರಿಯಲ್ಲಿ ಮತ್ತೆ ಹೊರಟಾಗ ನಮ್ಮವರು ಷರತ್ತು ಹಾಕಿದರು. ಡಿಕ್ಕಿಯಲ್ಲಿ ಗಿಡಕ್ಕೆ ಒಂದೇ ಕ್ರೇಟ್ ಜಾಗ. ಉಳಿದದ್ದೆಲ್ಲ ಫೋಟೋ. ಅತ್ತೆಯೂ ಬಂದರು. ಅವರಿಗೆ ಷರತ್ತು ಹಾಕುವವರು ಯಾರು, ಅವರ ಕೈಚೀಲದಲ್ಲಿ ಒದ್ದೆ ಬಟ್ಟೆ, ರಬ್ಬರ್ ಬ್ಯಾಂಡ್, ಸಣ್ಣ ಕತ್ತರಿ ಮೊದಲೇ ಸೇರಿಕೊಂಡಿದ್ದವು.

ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ ದಾಟಿ ಮಡಿಕೇರಿಗೆ ಸುಮಾರು 120 ಕಿ.ಮೀ. ಕೊಡಗಿಗೆ ರೈಲಿಲ್ಲ. ಬಸ್ಸು ಬೇಕಾದಷ್ಟಿವೆ, ಆದರೆ ಗಿಡ ತರುವ ಆಸೆ ಇದ್ದರೆ ಸ್ವಂತ ಗಾಡಿಯೇ ಸರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟ ನೋಡುವ ಯೋಚನೆ ಬೇಡ. ಮಳೆ, ಮಂಜು, ಕಾಲಿಗೆ ಜಿಗಣೆ. ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಕಾಫಿ ಹೂ ನೋಡಬೇಕು ಅನ್ನುವವರು ಮಾರ್ಚ್, ಏಪ್ರಿಲ್‌ನಲ್ಲಿ ಹೋಗಿ. ಹೂಮಳೆ, ಅಂದರೆ ಕಾಫಿ ಮೊಗ್ಗು ಅರಳಿಸುವ ಬೇಸಿಗೆ ಮಳೆ, ಬಿದ್ದು ಒಂದು ವಾರ, ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಮಲ್ಲಿಗೆಯಂಥ ವಾಸನೆ. ಆದರೆ ಎರಡು ಮೂರು ದಿನದಲ್ಲಿ ಮುಗಿದುಹೋಗುತ್ತದೆ, ಅದೃಷ್ಟ ಬೇಕು.

ದಾರಿಯಲ್ಲಿ ಬೈಲಕುಪ್ಪೆಯ ಚಿನ್ನದ ದೇವಸ್ಥಾನಕ್ಕೆ ಇಳಿದೆವು. ಎಲ್ಲರೂ ಕೊಡಗು ಅಂದುಕೊಳ್ಳುತ್ತಾರೆ, ಅದು ಇರುವುದು ಮೈಸೂರು ಜಿಲ್ಲೆಯಲ್ಲೇ. ಹುಲ್ಲುಹಾಸು, ಹೂವಿನ ಮಡಿ ಎಲ್ಲ ಅಚ್ಚುಕಟ್ಟು. ಆದರೆ ಅಷ್ಟು ಅಗಲದ ಅಂಗಳಕ್ಕೆ ಒಪ್ಪುವ ತೋಟ ಅದು. ನಮ್ಮ ಮೂವತ್ತು-ನಲವತ್ತರ ಸೈಟಿಗೆ ಅಲ್ಲಿಂದ ಕಲಿಯುವುದು ಕಡಿಮೆ.

ಮಡಿಕೇರಿಯಲ್ಲಿ ರಾಜಾಸೀಟ್‌ಗೆ ಎಲ್ಲರೂ ಸಂಜೆ ಸೂರ್ಯ ಮುಳುಗುವುದನ್ನು ನೋಡಲು ಹೋಗುತ್ತಾರೆ. ಗಿಡ ನೋಡುವವರು ಬೆಳಿಗ್ಗೆ ಹೋಗಿ. ಸಂಜೆ ಆ ಸೆಲ್ಫಿ ಗುಂಪಿನ ನಡುವೆ ಹೂವಿನ ಮಡಿ ಕಾಣುವುದೇ ಇಲ್ಲ. ಇದು ತೋಟಗಾರಿಕೆ ಇಲಾಖೆಯ ಉದ್ಯಾನ. ಸಾಮಾನ್ಯವಾಗಿ ಜನವರಿ ಕೊನೆ, ಫೆಬ್ರವರಿ ಹೊತ್ತಿಗೆ ಇಲ್ಲಿ ಫಲಪುಷ್ಪ ಪ್ರದರ್ಶನ ಇರುತ್ತದೆ. ದಿನ ಪ್ರತಿ ವರ್ಷ ಬದಲಾಗುವುದರಿಂದ ಕೇಳಿಕೊಂಡೇ ಹೊರಡಿ.

ಕಳೆದ ಸಲ ಇಲ್ಲಿ ಬರೀ ಹೂ ನೋಡಿದ್ದೆ. ಈ ಸಲ ನೆಟ್ಟಿರುವ ರೀತಿ ನೋಡಿದೆ. ಇದ್ದದ್ದು ಸಾಲ್ವಿಯಾ, ಚೆಂಡು ಹೂ, ಪೆಟೂನಿಯಾ. ನಮ್ಮೂರಿನ ಯಾವ ನರ್ಸರಿಯಲ್ಲೂ ಸಿಗುವಂಥವೇ. ಆದರೆ ಒಂದು ಮಡಿಗೆ ಒಂದೇ ಬಣ್ಣ. ಕಣಿವೆಯ ಕಡೆಗೆ ಕಣ್ಣಿಗೆ ಅಡ್ಡವಾಗುವ ಎತ್ತರದ ಗಿಡ ಇಲ್ಲ. ನಮ್ಮ ಮನೆಯಲ್ಲಿ ಇಪ್ಪತ್ತು ಕುಂಡ, ಇಪ್ಪತ್ತು ಜಾತಿ, ಸಂತೆ ಇದ್ದ ಹಾಗೆ. ಅದರ ಮೇಲೆ ಕಿಟಕಿಗೆ ಅಡ್ಡವಾಗಿ ದೊಡ್ಡ ಕ್ರೋಟನ್ ಬೇರೆ!

ನಿಜವಾಗಿ ಕಲಿತದ್ದು ಮಾತ್ರ ನಾವು ಉಳಿದುಕೊಂಡ ಹೋಂಸ್ಟೇಯಲ್ಲಿ. ಕೊಡಗಿನಲ್ಲಿ ಒಳ್ಳೆಯ ಹೂದೋಟ ಬೇಕೆಂದರೆ ಮನೆಗಳ ಅಂಗಳ ನೋಡಬೇಕು. ರೂಮ್ ಬುಕ್ ಮಾಡುವಾಗ ಹಾಸಿಗೆ, ಬಾತ್‌ರೂಮಿನ ಫೋಟೋ ಬಿಟ್ಟು ಅಂಗಳದ ಫೋಟೋ ಕೇಳಿ. ಮನೆಯವರೇ ಅಲ್ಲಿ ವಾಸ ಇದ್ದಾರಾ ಅಂತಲೂ ಕೇಳಿ. ನಮಗೆ ಸಿಕ್ಕಿದ್ದು ಕಾಫಿ ತೋಟದ ನಡುವಿನ ಹಂಚಿನ ಮನೆ. ಮನೆಯೊಡತಿ ಆಂಟಿಗೆ ಅರವತ್ತು ದಾಟಿದೆ. ಬೆಳಿಗ್ಗೆ ಆರೂವರೆಗೆ ಸ್ವೆಟರ್ ಹಾಕಿಕೊಂಡು ಒಣಗಿದ ಹೂ ಚಿವುಟುತ್ತಾ ನಿಂತಿರುತ್ತಿದ್ದರು. ಅತ್ತೆಯೂ ಹೋಗಿ ಸೇರಿಕೊಂಡರು. ಹತ್ತು ನಿಮಿಷದಲ್ಲಿ ಇಬ್ಬರೂ ಹಳೇ ಗೆಳತಿಯರ ಹಾಗೆ.

ಮೆಟ್ಟಿಲ ಅಕ್ಕಪಕ್ಕ ಮೊದಲ ಸಾಲಿನಲ್ಲಿ ಬರೀ ಜರೀಗಿಡ. ಅದರ ಹಿಂದೆ ಹೂವಿನ ಕುಂಡಗಳು. ಕುಂಡ ಕಾಣುವುದೇ ಇಲ್ಲ, ಹೂ ಮಾತ್ರ ಕಾಣುತ್ತದೆ. ಹತ್ತಿರ ಹೋಗಿ ನೋಡಿದರೆ ಅರ್ಧಕ್ಕರ್ಧ ಹಳೇ ಎಣ್ಣೆ ಡಬ್ಬ, ಒಡೆದ ಬಕೆಟ್ಟು. "ಹೂ ಮುಗಿದದ್ದು ಹಿತ್ತಲಿಗೆ ಹೋಗುತ್ತೆ, ಮೊಗ್ಗು ಬಂದದ್ದು ಮುಂದೆ ಬರುತ್ತೆ. ನೀವು ನೋಡ್ತಿರೋದು ತೋಟ ಅಲ್ಲ, ಡ್ರಾಮಾ ಸ್ಟೇಜು" ಅಂತ ನಕ್ಕರು ಆಂಟಿ.

ಆಂಥೂರಿಯಂ ಇದ್ದದ್ದು ಹಾಲುವಾಣ ಮರದ ಕೆಳಗೆ. ಕುಂಡದಲ್ಲಿ ಮಣ್ಣೇ ಕಡಿಮೆ. ತೆಂಗಿನ ಸಿಪ್ಪೆಯ ಚೂರು, ಇದ್ದಿಲು, ಕಾಡು ಎಲೆ ಕಳಿತ ಗೊಬ್ಬರ. ನಾನು ಕೆಂಪು ಮಣ್ಣಿನಲ್ಲಿ ಒತ್ತಿ ನೆಟ್ಟಿದ್ದೆ ಅಂದದ್ದಕ್ಕೆ, "ಅಯ್ಯೋ, ಉಸಿರು ಕಟ್ಟಿ ಸತ್ತಿದೆ ಅಷ್ಟೇ" ಅಂದರು. ನಮ್ಮ ಮನೆಯ ಉತ್ತರಕ್ಕೆ ಕಾಂಪೌಂಡ್‌ಗೂ ಗೋಡೆಗೂ ನಡುವೆ ಮೂರು ಅಡಿ ಜಾಗ ಇದೆ. ಬಿಸಿಲು ಬರಲ್ಲ ಅಂತ ಸುಮ್ನೆ ಹಳೇ ಸಾಮಾನು ತುಂಬಿದ್ದೆವು. ಆಂಥೂರಿಯಂಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ ಅಂತ ಅಲ್ಲಿ ನಿಂತಾಗ ಹೊಳೆಯಿತು.

ಬೇಲಿಯ ಬುಡದಲ್ಲಿ ಕಡ್ಡಿ ನೆಟ್ಟು ಗುರುತು ಮಾಡಿದ್ದರು. ತೋಕ್ ಪೂ ಅಂತೆ, ಅಂದರೆ ನಾವು ಅಗ್ನಿಶಿಖೆ ಅನ್ನುವ ಬಳ್ಳಿ. ಸೆಪ್ಟೆಂಬರ್ ಮೊದಲ ವಾರ ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತದ ದಿನ ಕೋವಿಗೆ ಇಡುವುದು ಇದೇ ಹೂ. ಜನವರಿಯಲ್ಲಿ ಬಳ್ಳಿ ಒಣಗಿ ಗಡ್ಡೆ ಮಾತ್ರ ಮಣ್ಣೊಳಗೆ. ಅತ್ತೆ ಒಂದು ಗಡ್ಡೆ ಕೇಳಿದರು. ಮನೆಯಲ್ಲಿ ಮೂರು ವರ್ಷದ ಮಗು ಇದೆ ಅಂತ ಗೊತ್ತಾದ ಮೇಲೆ ಆಂಟಿ ಕೊಡಲೇ ಇಲ್ಲ. ಅದರ ಗಡ್ಡೆ ವಿಷ. ಮಕ್ಕಳು, ನಾಯಿ ಇರುವವರು ಆಸೆ ಬಿಡಿ.

ಮರದ ಮೇಲೆ ಸೀತಾಳೆ, ಅಂದರೆ ಕಾಡು ಆರ್ಕಿಡ್, ಕಂಡರೂ ಅಷ್ಟೇ. ಕಾಡಿನಿಂದ ಕಿತ್ತು ತರಬೇಡಿ, ಕಾನೂನೂ ಬಿಡುವುದಿಲ್ಲ. ಆರ್ಕಿಡ್ ಬೇಕಾದರೆ ನರ್ಸರಿಯಲ್ಲಿ ಬೆಳೆಸಿದ್ದು ಕೊಳ್ಳಿ. ಹೂವಿನ ಜೊತೆ ಹಣ್ಣಿನ ಗಿಡವೂ ಬೇಕು ಅನ್ನುವವರಿಗೆ ಚೆಟ್ಟಳ್ಳಿಯಲ್ಲಿ ಕೇಂದ್ರ ಸರ್ಕಾರದ ತೋಟಗಾರಿಕಾ ಪ್ರಯೋಗ ಕೇಂದ್ರ ಇದೆ. ಬೆಣ್ಣೆಹಣ್ಣು, ರಂಬುಟಾನ್ ಮೇಲೆ ಅಲ್ಲಿ ಕೆಲಸ ನಡೆದಿದೆ. ವಾರದ ದಿನ ಹೋಗಿ.

ನರ್ಸರಿಯಲ್ಲಿ ಕೊಳ್ಳುವಾಗ ಹೂ ತುಂಬಿದ ಗಿಡ ಬಿಟ್ಟು ಮೊಗ್ಗಿರುವ ಚಿಕ್ಕ ಗಿಡ ಆರಿಸಿ. ಕವರಿನ ತಳ ಒತ್ತಿ ನೋಡಿ, ಜೇಡಿಮಣ್ಣಿನ ಉಂಡೆಯಂತೆ ಗಟ್ಟಿ ಇದ್ದರೆ ಬೇಡ. ಕೊಳ್ಳುವುದು ವಾಪಸ್ ಹೊರಡುವ ಬೆಳಿಗ್ಗೆಯೇ. ದಾರಿಯಲ್ಲಿ ಊಟಕ್ಕೆ ನಿಂತರೆ ಗಾಡಿ ನೆರಳಿಗೆ ಹಾಕಿ. ಕಳೆದ ಸಲ ನಾವು ಒಂದು ಗಂಟೆ ಬಿಸಿಲಲ್ಲಿ ನಿಲ್ಲಿಸಿದ್ದೆವು, ಡಿಕ್ಕಿ ತೆಗೆದಾಗ ಬಿಗೋನಿಯಾ ಬೇಯಿಸಿದ ಸೊಪ್ಪಿನಂತಿತ್ತು. ಮನೆಗೆ ಬಂದ ತಕ್ಷಣ ಕುಂಡ ಬದಲಿಸಲು ಹೋಗಬೇಡಿ. ಹತ್ತು ಹದಿನೈದು ದಿನ ನೆರಳಲ್ಲಿ ಹಾಗೇ ಇರಲಿ.

ಈ ಸಲ ತಂದದ್ದು ಎರಡು ಆಂಥೂರಿಯಂ, ನಾಲ್ಕು ಜರೀಗಿಡ. ಆರೂ ಬದುಕಿವೆ. ಗುಲಾಬಿ ಹೈಡ್ರೇಂಜಿಯಾಗೆ ಈ ಮಳೆಗಾಲದಿಂದ ತಾರಸಿಯ ನೀರು ಹಿಡಿದು ಹಾಕಬೇಕು ಅಂತಿದ್ದೇನೆ. ಅತ್ತೆಯ ಕೈಚೀಲದಿಂದ ಎಷ್ಟು ಕಡ್ಡಿ ಹೊರಬಂದವು ಅಂತ ಎಣಿಸಲಿಲ್ಲ. ಕೇಳಿ ತಂದದ್ದಕ್ಕಿಂತ ಕದ್ದು ತಂದದ್ದೇ ಚೆನ್ನಾಗಿ ಚಿಗುರುತ್ತೆ ಅನ್ನುವುದು ಅವರ ನಂಬಿಕೆ. ಆಂಟಿ ಮಾತ್ರ ಹೊರಡುವಾಗ ತಾವಾಗೇ ಐದು ಡೇರೆ ಹೂವಿನ (ಡೇಲಿಯಾ) ಗಡ್ಡೆ ಕಾಗದದಲ್ಲಿ ಸುತ್ತಿ ಕೊಟ್ಟರು. ಒಣ ಮರಳಿನಲ್ಲಿ ಇಟ್ಟು, ಮಳೆ ಹಿಡಿದ ಮೇಲೆ ನೆಡಿ ಅಂದರು. ಡಬ್ಬ ಅಡುಗೆಮನೆ ಮೂಲೆಯಲ್ಲಿದೆ. ಅತ್ತೆ ದಿನಕ್ಕೊಂದು ಸಲ ಮರಳು ಕೆದಕಿ, ಮೊಳಕೆ ಬಂತಾ ಅಂತ ನೋಡುತ್ತಿದ್ದಾರೆ.