ಅಂಗಿ ಗುಂಡಿ ಹಾಕುವುದನ್ನು ಎರಡು ಹೊತ್ತು ನೋಡಬೇಕು

ಕಲಬುರಗಿಯಲ್ಲಿ ಮಕ್ಕಳ ಆಕ್ಯುಪೇಷನಲ್ ಥೆರಪಿಸ್ಟ್ ಆಗಿ, ಅಂದರೆ ಉಡುವುದು, ಉಣ್ಣುವುದರಂಥ ದಿನದ ಕೆಲಸಗಳನ್ನು ಮಕ್ಕಳು ತಾವೇ ಮಾಡಿಕೊಳ್ಳಲು ನೆರವಾಗುವ ಕೆಲಸ ಮಾಡುತ್ತೇನೆ. ಅಪರೂಪದ ಮೆಟಬಾಲಿಕ್ ಕಾಯಿಲೆ (ದೇಹದೊಳಗಿನ ರಾಸಾಯನಿಕ ಕೆಲಸ ಕೆಡುವ ಕಾಯಿಲೆ) ಇರುವ ಮಕ್ಕಳು ನಮ್ಮ ಹತ್ತಿರ ಬರುವ ಹೊತ್ತಿಗೆ ಫೈಲು ದಪ್ಪವಾಗಿರುತ್ತದೆ. ರಕ್ತ, ಮೂತ್ರ, ಎಂಆರ್‌ಐ, ಜೀನ್ ಪರೀಕ್ಷೆ ಎಲ್ಲ ಇರುತ್ತವೆ. ಮಗು ತಾನೇ ಅಂಗಿ ಹಾಕಿಕೊಳ್ಳುತ್ತದಾ, ರೊಟ್ಟಿ ಮುರಿದು ತಿನ್ನುತ್ತದಾ ಅನ್ನುವ ಬಗ್ಗೆ ಹೆಚ್ಚಿನ ಸಲ ಒಂದು ಸಾಲೂ ಇರುವುದಿಲ್ಲ. ಮನೆಯವರು ದಿನಾ ಒದ್ದಾಡುವುದು ಅದಕ್ಕೇ ಅಲ್ವಾ?

ವಯಸ್ಸಿಗೆ ತಕ್ಕ ಅಂಕ ಕೊಡುವ ಪರೀಕ್ಷೆಗಳಿವೆ. ಅವು ಆರೋಗ್ಯವಂತ ಮಕ್ಕಳಿಗೆ ಹೋಲಿಸಿ ನಮ್ಮ ಮಗು ಎಷ್ಟು ಹಿಂದಿದೆ ಅಂತ ಹೇಳುತ್ತವೆ. ಹಿಂದಿದೆ ಅನ್ನುವುದು ತಾಯಿಗೆ ಮೊದಲೇ ಗೊತ್ತು. ಎಲ್ಲಿ ತಡೆಯುತ್ತಿದೆ, ಯಾಕೆ ತಡೆಯುತ್ತಿದೆ ಅನ್ನುವುದು ಅವಳಿಗೆ ಬೇಕು.

ಇದಕ್ಕೆ ನನಗೆ ಒಳ್ಳೆಯ ದಾರಿ ತೋರಿಸಿದ್ದು ಪಿಆರ್‌ಪಿಪಿ ಪದ್ಧತಿ (ಪರ್ಸೀವ್, ರೀಕಾಲ್, ಪ್ಲಾನ್, ಪರ್ಫಾರ್ಮ್: ಗಮನಿಸು, ನೆನಪಿಸಿಕೊ, ಯೋಚಿಸು, ಮಾಡು). ಆಸ್ಟ್ರೇಲಿಯಾದ ಕ್ರಿಸ್ ಚಾಪಾರೊ ಮತ್ತು ಜೂಡಿ ರಂಕಾ ರೂಪಿಸಿದ್ದು. ಮಗು ಮಾಡುವ ಒಂದು ಕೆಲಸವನ್ನು ಹೆಜ್ಜೆಗಳಾಗಿ ಬಿಡಿಸುತ್ತೇವೆ. ಯಾವ ಹೆಜ್ಜೆ ಬಿಟ್ಟುಹೋಯಿತು, ಯಾವುದು ತಪ್ಪಾಯಿತು, ಯಾವುದನ್ನು ಸುಮ್ನೆ ಮತ್ತೆ ಮತ್ತೆ ಮಾಡಿತು, ಯಾವುದಕ್ಕೆ ಜಾಸ್ತಿ ಹೊತ್ತು ಹಿಡಿಯಿತು ಅಂತ ಗುರುತು ಹಾಕುತ್ತೇವೆ. ಆಮೇಲೆ ಕಾರಣ ಹುಡುಕುತ್ತೇವೆ. ಮಗು ಗಮನಿಸಲಿಲ್ಲವೋ, ನೆನಪಾಗಲಿಲ್ಲವೋ, ಮುಂದೇನು ಅಂತ ಯೋಚಿಸಲಾಗಲಿಲ್ಲವೋ, ಅಥವಾ ಗೊತ್ತಿದ್ದೂ ಮಾಡಲಾಗಲಿಲ್ಲವೋ? ಅಂಕ ಹಾಕಿ ವರದಿ ಕೊಡಬೇಕಾದರೆ ಇದರ ತರಬೇತಿ ಆಗಿರಲೇಬೇಕು. ಆದರೆ ಈ ನಾಲ್ಕು ಪ್ರಶ್ನೆ ಇಟ್ಟುಕೊಂಡು ಮಗುವನ್ನು ನೋಡುವುದಕ್ಕೆ ಯಾರಪ್ಪಣೆಯೂ ಬೇಡ.

ಮೈಟೊಕಾಂಡ್ರಿಯಾ ಕಾಯಿಲೆ ಇರುವ ಒಬ್ಬ ಹುಡುಗನ ಉದಾಹರಣೆ ಹೇಳುತ್ತೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಅಣ್ಣನ ಹಾಗೆ ತಾನೂ ಶಾಲೆಯ ಅಂಗಿಯನ್ನು ತಾನೇ ಹಾಕಿಕೊಳ್ಳಬೇಕು ಅನ್ನುವುದು ಅವನ ಆಸೆ. ಅವರವ್ವ ಮೊದಲೇ ಹೇಳಿಬಿಟ್ಟರು: "ಅವನಿಗಿ ಎಲ್ಲಿ ಆಗ್ತದ್ರಿ ಮೇಡಂ, ನಾನೇ ಹಾಕ್ತೀನ್ರಿ." ಬೆಳಿಗ್ಗೆ ಒಂದು ಸಲ, ಶಾಲೆಯಿಂದ ಬಂದ ಮೇಲೆ ಇನ್ನೊಂದು ಸಲ, ಅವನೇ ಹಾಕಿಕೊಳ್ಳುವಾಗ ಮೊಬೈಲಿನಲ್ಲಿ ವಿಡಿಯೊ ಮಾಡಿ ಅಂದೆ. ನಡುವೆ ಹೇಳಿಕೊಡಬೇಡಿ, ಕೈ ಹಾಕಬೇಡಿ ಅಂತಲೂ ಹೇಳಿದೆ. ತಾಯಂದಿರಿಗೆ ಇದು ಬಹಳ ಕಷ್ಟ.

ಬೆಳಗಿನ ವಿಡಿಯೊದಲ್ಲಿ ತೋಳು ಎರಡೂ ಸರಿಯಾಗಿ ಹೋದವು. ಮೇಲಿನ ಗುಂಡಿ ಹಾಕಿದ. ಎರಡನೆಯದಕ್ಕೆ ಬರುವಾಗ ಒಂದು ಕಾಜ ಬಿಟ್ಟುಹೋಯಿತು. ಅಲ್ಲಿಂದ ಕೆಳಗಿನ ತನಕ ಎಲ್ಲ ಗುಂಡಿಯೂ ಒಂದೊಂದು ಕಾಜ ಕೆಳಗೆ. ಕೊನೆಗೆ ಗುಂಡಿಗೆ ಕಾಜವೇ ಉಳಿಯಲಿಲ್ಲ. ಬಗ್ಗಿ ನೋಡಿದ, ಅಂಗಿಯ ಅಂಚು ಮೇಲೆ ಕೆಳಗೆ ಆಗಿರುವುದನ್ನು ಕೈಯಿಂದ ಮುಟ್ಟಿದ. ಬಿಚ್ಚಲಿಲ್ಲ. ಅಷ್ಟಕ್ಕೇ ನಿಂತ. ಬೆರಳಲ್ಲಿ ಶಕ್ತಿ ಇತ್ತು, ತಪ್ಪು ಕಣ್ಣಿಗೂ ಬಿತ್ತು. ಮುಂದೇನು ಮಾಡಬೇಕು ಅನ್ನುವುದು ಹೊಳೆಯಲಿಲ್ಲ.

ಸಂಜೆಯ ವಿಡಿಯೊ ಪೂರ್ತಿ ಬೇರೆ. ಅಂಚು ಸರಿಯಾಗಿ ಕೂಡಿಸಿದ, ಆದರೆ ಗುಂಡಿಯನ್ನು ಕಾಜದೊಳಗೆ ತಳ್ಳಲು ಬೆರಳು ಕೇಳಲಿಲ್ಲ. ಗೋಡೆಗೆ ಒರಗಿದ.

ಮೈಟೊಕಾಂಡ್ರಿಯಾ ನಮ್ಮ ಜೀವಕೋಶಗಳಿಗೆ ಬೇಕಾದ ಶಕ್ತಿಯ ಬಹುಪಾಲನ್ನು ತಯಾರಿಸುತ್ತದೆ. ಅಲ್ಲೇ ತೊಂದರೆ ಇದ್ದಾಗ ಮಗು ಬೇಗ ದಣಿಯುತ್ತದೆ. ಜ್ವರ ಬಂದರೆ, ಊಟ ತಪ್ಪಿದರೆ ಇನ್ನೂ ಕೆಳಗಿಳಿಯುತ್ತದೆ. ನಮ್ಮ ಕಡೆಯ ಬೇಸಿಗೆಯಂತೂ ಗಟ್ಟಿ ಮಕ್ಕಳನ್ನೇ ಸುಸ್ತು ಮಾಡುತ್ತದೆ. ಹಾಗಾಗಿ ಒಂದೇ ಹೊತ್ತಿನಲ್ಲಿ ನೋಡಿ ಬರೆದ ವರದಿಯನ್ನು ನಾನು ಪೂರ್ತಿ ನಂಬುವುದಿಲ್ಲ. ರಾತ್ರಿಯಿಡೀ ರೈಲಿನಲ್ಲಿ ಕೂತು ಬೆಂಗಳೂರಿಗೆ ಹೋದ ಮಗುವಿಗೆ ಬೆಳಿಗ್ಗೆ ಪರೀಕ್ಷೆ ಮಾಡಿದರೆ, ಅಲ್ಲಿ ಕಾಣುವುದರಲ್ಲಿ ಪ್ರಯಾಣದ ದಣಿವೂ ಸೇರಿರುತ್ತದೆ. ತಂದೆತಾಯಿ ಮನೆಯಲ್ಲಿ ಮಾಡಿದ ವಿಡಿಯೊ ನೋಡಿ ಪಿಆರ್‌ಪಿಪಿ ಮಾಡಬಹುದೇ ಅಂತ ನೆದರ್ಲೆಂಡ್ಸಿನಲ್ಲಿ ಇದೇ ಕಾಯಿಲೆಯ ಮಕ್ಕಳ ಮೇಲೆ ಅಧ್ಯಯನ ನಡೆದಿದೆ. ದೊಡ್ಡ ಆಸ್ಪತ್ರೆಗಳಿಂದ ಇಷ್ಟು ದೂರ ಇರುವ ನಮಗೆ ಅದು ತುಂಬಾ ಉಪಯೋಗದ ದಾರಿ.

ಈ ಹುಡುಗನಿಗೆ ಗುಂಡಿಯನ್ನು ಕೆಳಗಿನಿಂದ ಶುರು ಮಾಡಿಸಿದೆವು. ಕೆಳಗಿನ ಅಂಚು ಕಣ್ಣಿಗೆ ಕಾಣುತ್ತದೆ, ಕೂಡಿಸಿಕೊಳ್ಳುವುದು ಸುಲಭ. ಒಂದು ಗುಂಡಿ ಆದ ಮೇಲೆ "ನಿಲ್ಲು, ನೋಡು" ಅಂತ ಅವನೇ ಬಾಯಿಬಿಟ್ಟು ಹೇಳಿಕೊಳ್ಳಬೇಕು. ತಪ್ಪಿದರೆ ಬಿಚ್ಚುವುದನ್ನೂ ಬೇರೆಯಾಗಿ ಕಲಿಸಿದೆವು. ಇದೆಲ್ಲ ಬೆಳಿಗ್ಗೆ, ಕೂತುಕೊಂಡು. ಸಂಜೆ ಗುಂಡಿಯ ತಂಟೆಯೇ ಬೇಡ, ಟೀ ಶರ್ಟ್ ಸಾಕು ಅಂತ ಅವರವ್ವನಿಗೆ ಹೇಳಿದೆ. ದಣಿದ ಮಗುವಿಗೆ ನೆರವಾದರೆ ಅದು ಮುದ್ದು ಮಾಡಿ ಕೆಡಿಸಿದಂತೆ ಅಲ್ಲ.

ಮಿದುಳನ್ನು ಕ್ರಮೇಣ ಕೆಡಿಸುವ ಸ್ಯಾನ್‌ಫಿಲಿಪ್ಪೊದಂಥ ಮೆಟಬಾಲಿಕ್ ಕಾಯಿಲೆಯಲ್ಲಿ ಲೆಕ್ಕವೇ ಬೇರೆ. ಕಲಿತದ್ದು ನಿಧಾನವಾಗಿ ಕಳೆದುಹೋಗುತ್ತದೆ. ಅಲ್ಲಿ ಮಗುವನ್ನು ಅದರ ಹಿಂದಿನ ವಿಡಿಯೊಗೇ ಹೋಲಿಸಬೇಕು: ಅದೇ ಕೆಲಸ, ಅದೇ ಜಾಗ, ಅದೇ ಹೊತ್ತು. ತಾನೇ ತಟ್ಟೆಯಿಂದ ಉಣ್ಣುವುದನ್ನು ಇನ್ನಷ್ಟು ದಿನ ಉಳಿಸಿಕೊಳ್ಳಬಹುದಾ, ಈಗ ಶಕ್ತಿ ಎಲ್ಲಿ ಹಾಕಬೇಕು ಅನ್ನುವ ಮಾತು ಆಗ ಮನೆಯವರ ಜೊತೆ ಆಡಲು ಬರುತ್ತದೆ. ಆ ಮಾತು ಸುಲಭ ಅಲ್ಲ. ಆದರೂ ಅವರನ್ನು ಕತ್ತಲಲ್ಲಿ ಇಡುವುದು ನನಗೆ ಇಷ್ಟವಿಲ್ಲ.

ಬೀದರ್, ಯಾದಗಿರಿ ಕಡೆಯ ಥೆರಪಿಸ್ಟರಲ್ಲಿ ಒಂದು ಕೋರಿಕೆ. ಇಂಥ ಮಗುವನ್ನು ಮುಂದಿನ ಆಸ್ಪತ್ರೆಗೆ ಕಳಿಸುವಾಗ ಮನೆಯವರ ಮೊಬೈಲಿನಲ್ಲಿ ಎರಡು ಹೊತ್ತಿನ ವಿಡಿಯೊ ಇರಲಿ. ಮಗು ಆಗಷ್ಟೇ ಎದ್ದಿತ್ತಾ, ಉಂಡಿತ್ತಾ, ಜ್ವರ ಇತ್ತಾ ಅಂತ ಒಂದು ಚೀಟಿಯಲ್ಲಿ ಬರೆದು ಫೈಲಿಗೆ ಹಚ್ಚಿ. ವಿಡಿಯೊ ಮನೆಯವರ ಹತ್ತಿರವೇ ಉಳಿಯಲಿ, ಯಾವ ಗ್ರೂಪಿಗೂ ಹಾಕಬೇಡಿ.