ಕೈ ಮೇಲೆ ಕಲೆಗಳಿದ್ದವರು ಗೋಕರ್ಣಕ್ಕೆ ಹೊರಡುವ ಮುಂಚೆ

ಗೋಕರ್ಣದ ಮಹಾಬಲೇಶ್ವರ ದೇವಸ್ಥಾನದಲ್ಲಿ ಗಂಡಸರು ಅಂಗಿ ತೆಗೆದು, ಪಂಚೆ ಉಟ್ಟು ಒಳಗೆ ಹೋಗಬೇಕು. ಬೇರೆಯವರಿಗೆ ಇದು ದೊಡ್ಡ ವಿಷಯ ಅಲ್ಲ. ನನಗೆ ಮಾತ್ರ ಹೊರಡುವ ಎರಡು ವಾರ ಮುಂಚಿನಿಂದ ಇದೇ ಚಿಂತೆ. ನನ್ನ ಎಡ ಮುಂಗೈ ತುಂಬ ಕಲೆಗಳಿವೆ. ಕೆಟ್ಟ ದಿನಗಳಲ್ಲಿ ನನಗೆ ನಾನೇ ಮಾಡಿಕೊಂಡ ಗಾಯದ ಕಲೆಗಳು. ಅದೆಲ್ಲ ನಿಂತು ಮೂರು ವರ್ಷ ಆಯ್ತು, ಕಲೆ ಮಾತ್ರ ಹೋಗಿಲ್ಲ. ಇಂಥ ಕೈ ಇಟ್ಟುಕೊಂಡು ಆ ಕಡೆ ಹೋಗುವವರು ಇನ್ನೂ ಇರುತ್ತಾರೆ ಅಲ್ವಾ, ಅವರಿಗಾಗಿ ಬರೆಯುತ್ತಿದ್ದೇನೆ.

ಹೋದದ್ದು ಮೇ ತಿಂಗಳಲ್ಲಿ. ಅಣ್ಣ, ಅತ್ತಿಗೆ, ಅವರ ಆರು ವರ್ಷದ ಮಗಳು ಮತ್ತು ನಾನು. ನಿಮಗೆ ಆಯ್ಕೆ ಇದ್ದರೆ ಮೇ ಬೇಡ. ಡಿಸೆಂಬರ್, ಜನವರಿಯಲ್ಲಿ ಹೋಗಿ. ಆಗ ತುಂಬು ತೋಳಿನ ಅಂಗಿ ಹಾಕಿಕೊಂಡು ಓಡಾಡಬಹುದು.

ಹುಬ್ಬಳ್ಳಿಯಿಂದ ಅಂಕೋಲಾ ಬಸ್ಸು. ಯಲ್ಲಾಪುರದಲ್ಲಿ ಜನ ತುಂಬಿಕೊಂಡರು, ಒಬ್ಬ ಅಜ್ಜಿಗೆ ಸೀಟು ಬಿಟ್ಟು ಎದ್ದೆ. ಅರಬೈಲ್ ಘಟ್ಟದ ತಿರುವುಗಳಲ್ಲಿ ಎರಡೂ ಕೈಯಿಂದ ಮೇಲಿನ ಕಂಬಿ ಹಿಡಿಯಲೇಬೇಕು. ಹಿಡಿದರೆ ಅಂಗಿಯ ತೋಳು ಮೊಣಕೈ ತನಕ ಜಾರುತ್ತದೆ. ಕೂತವರ ಕಣ್ಣೆದುರಿಗೇ ನನ್ನ ಕೈ. ಘಟ್ಟ ಇಳಿಯುವವರೆಗೂ ಒಂದೇ ಕೈಯಲ್ಲಿ ಜೋತುಬಿದ್ದು ಭುಜ ನೋಯಿಸಿಕೊಂಡೆ. ಬೈಕಿನವರು ಬಿಸಿಲಿಗೆ ಹಾಕಿಕೊಳ್ಳುವ ಆರ್ಮ್ ಸ್ಲೀವ್ಸ್ ತಗೊಳ್ಳಿ. ಅಂಗಿಯ ಹಾಗೆ ಜಾರುವುದಿಲ್ಲ, ಬಿಸಿಲಿಗೆ ಅಂತ ಎಲ್ಲರೂ ಹಾಕುವುದರಿಂದ ಯಾಕೆ ಅಂತ ಯಾರೂ ಕೇಳುವುದಿಲ್ಲ. ನಾನು ವಾಪಸ್ ಬರುವಾಗ ಕೊಂಡೆ.

ಕೋಣೆಯಲ್ಲಿ ಮೋಸ ಹೋದೆವು. ಎಸಿ ಕೋಣೆ ಅಂತ ಮುಂಗಡವಾಗಿಯೇ ಪೂರ್ತಿ ದುಡ್ಡು ತಗೊಂಡರು. ಎಸಿ ಸದ್ದು ಮಾಡುತ್ತಿತ್ತು, ತಂಪಾಗಲಿಲ್ಲ. ಕೇಳಿದರೆ ವೋಲ್ಟೇಜ್ ಇಲ್ಲ ಅಂದರು. ರಾತ್ರಿ ಇಡೀ ಕರಾವಳಿಯ ಆ ಸೆಕೆಯಲ್ಲಿ, ಅತ್ತಿಗೆ ಎದುರು ಅಂಗಿ ತೆಗೆಯಲಾಗದೆ ಬೆವರಿದೆ. ಉಬ್ಬಿದ ಕಲೆಗಳು ಬೆವರಿಗೆ ತುರಿಸುತ್ತವೆ, ಅದನ್ನು ಅನುಭವಿಸಿದವರಿಗೇ ಗೊತ್ತು. ಎಸಿ ಹಾಕಿಸಿ, ಹತ್ತು ನಿಮಿಷ ಕೋಣೆಯಲ್ಲೇ ಕೂತು ನೋಡಿ, ಆಮೇಲೆ ದುಡ್ಡು ಕೊಡಿ.

ಆ ರಾತ್ರಿ ಮನಸ್ಸು ಬಹಳ ಕುಗ್ಗಿತು. ಹಳೆಯ ಯೋಚನೆಗಳು ಬಂದವು. ಹೊರಗೆ ಮೆಟ್ಟಿಲ ಮೇಲೆ ಕೂತು 14416ಕ್ಕೆ ಫೋನ್ ಮಾಡಿದೆ. ಅದು ಮಾನಸಿಕ ಆರೋಗ್ಯಕ್ಕಾಗಿ ಇರುವ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರಿಂದ ಇದೆ. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮಾತಾಡಿ ಮುಗಿಸಿ ಅಣ್ಣನನ್ನು ಎಬ್ಬಿಸಿದೆ. ಅವನು ಏನೂ ಕೇಳದೆ ಬಂದು ಪಕ್ಕ ಕೂತ. ನಂಬರನ್ನು ಈಗಲೇ ಫೋನಿಗೆ ಹಾಕಿಕೊಳ್ಳಿ. ಮಾತ್ರೆ ತಗೊಳ್ಳುವವರು ಅದನ್ನು ಕೈಚೀಲದಲ್ಲೇ ಇಡಿ, ಪ್ರವಾಸ ಅಂತ ಬಿಡಬೇಡಿ.

ಬೆಳಿಗ್ಗೆ ದೇವಸ್ಥಾನ. ಸಾಲಿನಲ್ಲಿ ನಿಂತಾಗ ಒಂದು ಗಮನಿಸಿದೆ. ಅಂಗಿ ತೆಗೆದ ಎಷ್ಟೋ ಗಂಡಸರು ಅದನ್ನು ಮಡಚಿ ಮುಂಗೈ ಮೇಲೆ ಹಾಕಿಕೊಂಡಿದ್ದರು. ನಾನೂ ಹಾಗೇ ಹಾಕಿಕೊಂಡೆ. ಎರಡು ವಾರದ ನಿದ್ದೆ ಕೆಡಿಸಿದ್ದ ವಿಷಯ ಅಷ್ಟರಲ್ಲೇ ಮುಗಿಯಿತು. ಮನೆಯಿಂದ ಒಂದು ಶಲ್ಯವನ್ನೂ ಒಯ್ದಿದ್ದೆ, ಬೇಕಾಗಲಿಲ್ಲ.

ಕಡಲಲ್ಲಿ ಇನ್ನೂ ಸುಲಭ. ನಮ್ಮ ಜನ ಮೈತುಂಬ ಬಟ್ಟೆ ಹಾಕಿಕೊಂಡೇ ನೀರಿಗಿಳಿಯುತ್ತಾರೆ, ಹಾಗಾಗಿ ತುಂಬು ತೋಳು ಯಾರಿಗೂ ವಿಚಿತ್ರ ಅನಿಸುವುದಿಲ್ಲ. ಬಿಳಿ ಕಾಟನ್ ಬೇಡ, ಒದ್ದೆಯಾದರೆ ಒಳಗಿನದೆಲ್ಲ ಕಾಣುತ್ತದೆ. ಗಾಢ ಬಣ್ಣದ, ಬೇಗ ಒಣಗುವ ಆಟದ ಟೀ ಶರ್ಟ್ ಹಾಕಿ. ಕೈ ಬಿಟ್ಟುಕೊಂಡು ಓಡಾಡುವುದಾದರೆ ಸನ್‌ಸ್ಕ್ರೀನ್ ಮರೆಯಬೇಡಿ. ಹೊಸ ಕಲೆ ಬಿಸಿಲಿಗೆ ಕಪ್ಪಾಗುತ್ತದೆ. ಹಳೆಯ ಬಿಳಿ ಕಲೆಯಾದರೆ ಸುತ್ತಲಿನ ಚರ್ಮ ಕಪ್ಪಾಗಿ ಅದೇ ಎದ್ದು ಕಾಣುತ್ತದೆ. ಅದರ ಎಸ್‌ಪಿಎಫ್, ಅಂದರೆ ಬಿಸಿಲು ತಡೆಯುವ ಅಳತೆ, 30ಕ್ಕಿಂತ ಕಡಿಮೆ ಇರಬಾರದು. ಎರಡು ಗಂಟೆಗೊಮ್ಮೆ, ನೀರಿನಿಂದ ಎದ್ದ ಮೇಲೂ, ಮತ್ತೆ ಹಚ್ಚಬೇಕು.

ಗೋಕರ್ಣದ ಕುಡ್ಲೆ ಬೀಚಿನಲ್ಲಿ ಮರಳಿನ ಮನೆ ಕಟ್ಟುತ್ತಾ ತೋಳು ಮೇಲೇರಿಸಿದ್ದೆ, ಮರೆತೇ ಹೋಗಿತ್ತು. ಅಣ್ಣನ ಮಗಳು ನೋಡಿದಳು. "ಕಾಕಾ, ಇದೇನಿದು?" ಬಸ್ಸಿನಲ್ಲೇ ಒಂದು ಉತ್ತರ ಯೋಚಿಸಿಟ್ಟುಕೊಂಡಿದ್ದೆ. "ಹಳೇ ಗಾಯ ಪುಟ್ಟಿ, ಈಗ ನೋವಿಲ್ಲ" ಅಂದೆ. "ಔಷಧ ಹಚ್ಚಿದ್ರೇನು?" ಅಂದಳು. ಹೂಂ ಅಂದೆ. ಅವಳು ಬಕೆಟ್ ತಗೊಂಡು ನೀರು ತರಲು ಓಡಿದಳು. ಇಂಥದ್ದೊಂದು ಚಿಕ್ಕ, ಸುಳ್ಳಲ್ಲದ ಉತ್ತರ ಮೊದಲೇ ಇಟ್ಟುಕೊಳ್ಳಿ. ದೊಡ್ಡವರು ಕೇಳಿದರೆ "ಅದರ ಬಗ್ಗೆ ಮಾತಾಡಲ್ಲ" ಅಂದರೂ ಸಾಕು. ಯಾರಿಗೂ ಪೂರ್ತಿ ಕಥೆ ಹೇಳಬೇಕಾಗಿಲ್ಲ.

ಇನ್ನು ಊಟ. ಅಂಕೋಲಾದಲ್ಲಿ ಒಂದು ಸಣ್ಣ ಖಾನಾವಳಿ, ನಾಲ್ಕೇ ಬೆಂಚು, ಒಬ್ಬ ಅಕ್ಕ ನಡೆಸುತ್ತಾರೆ. ಕುಚಲಕ್ಕಿ ಅನ್ನ, ಬಂಗಡೆ ಸಾರು, ಹುರಿದ ಶೆಟ್ಲಿ (ಸಿಗಡಿ), ಕೋಕಂ ಕಡಿ. ಸಾರಿಗೆ ಆಗ ತಾನೇ ಅರೆದ ಕಾಯಿಯ ವಾಸನೆ. ಅನ್ನ ಎಷ್ಟು ಸಲ ಕೇಳಿದರೂ ಮುಖ ಸಿಂಡರಿಸದೆ ಹಾಕಿದರು. ನಾಲ್ಕು ಜನ ಹೊಟ್ಟೆ ಬಿರಿಯೆ ಉಂಡರೂ ಆ ಎಸಿ ಕೋಣೆಯ ಬಾಡಿಗೆಯ ಕಾಲು ಭಾಗ ಆಗಲಿಲ್ಲ. ಊಟದ ಮೇಲೆ ಕರಿ ಇಶಾಡು ಮಾವಿನಹಣ್ಣು ತಂದಿಟ್ಟರು, ಅಂಕೋಲಾದ್ದೇ ತಳಿ. 2023ರಲ್ಲಿ ಅದಕ್ಕೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಸಿಕ್ಕಿದೆ. ಎರಡೂ ಕೈಯಲ್ಲಿ ಹಿಡಿದು ಚೀಪುತ್ತಿದ್ದೆ, ರಸ ಮಣಿಕಟ್ಟಿಗೆ ಇಳಿಯಿತು. "ತೋಳು ಮಡಚ್ಕೊ ತಮಾ, ಅಂಗಿಗೆ ಕಲೆ ಆದ್ರೆ ಹೋಗೂದಿಲ್ಲ" ಅಂದರು ಅಕ್ಕ. ಮಡಚಿದೆ. ಅವರು ನನ್ನ ಕೈ ನೋಡಿದರು. ನನಗೆ ಗೊತ್ತಾಯಿತು. ಒಳಗೆ ಹೋಗಿ ಇನ್ನೊಂದು ಹಣ್ಣು ತಂದು ನನ್ನ ಎಲೆಗೆ ಹಾಕಿದರು.